ಎಫೆಸಸ್‌ನಲ್ಲಿ ಯುಎಸ್‌ಎನ್ ಇರಲಿಲ್ಲ

‘ಲಾಜಿಕ್ಕೇ ಇಲ್ಲ ಗುರು.’

‘ಮೂರನೇ ಪುಟಕ್ಕೇ ಯಾರು ಯಾರು ಅಂತ ಗೊತ್ತಾಗ್ಲಿಲ್ಲ.’

‘ಆಳುಗಳಿಗೆ ಹೊಡೆಯೋದೇ ಕಾಮಿಡಿನಾ?’

‘ಟೈಂಪಾಸ್‌ಗೆ ಓಕೆ.’

ನಮ್ಮ ಕನ್ನಡ ಸಂಘದವರು ಮೂರು ಶನಿವಾರ ಕೂತು ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಓದಿದ ಮೇಲೆ ಬಂದ ಅಭಿಪ್ರಾಯಗಳಲ್ಲಿ ಕೆಲವು ಇವು. ಓದಿದ್ದು ಇಂಗ್ಲಿಷ್ ಪಿಡಿಎಫ್, ಜಗಳ ಆಡಿದ್ದು ಕನ್ನಡದಲ್ಲಿ. ರಾಜ್ಯೋತ್ಸವಕ್ಕೆ ಇದನ್ನೇ ಕನ್ನಡಕ್ಕೆ ತಂದು ಆಡೋಣ ಅಂತ ಮೊದಲೇ ಮಾತಾಗಿತ್ತು. ಓದಿ ಮುಗಿದ ಮೇಲೆ ಬಹುಮತ ಬಂದು ನಿಂತಿರೋದು ಇಲ್ಲಿಗೆ: ಇಪ್ಪತ್ತೈದು ನಿಮಿಷದ ಸ್ಕಿಟ್ ಮಾಡೋಣ, ಮೊದಲನೇ ಸೀನ್‌ನಲ್ಲಿ ಬರೋ ಮುದುಕನ ಗೋಳು ಪೂರ್ತಿ ಕಟ್, ಅವಳಿ-ಜವಳಿ ಗೊಂದಲ ಮತ್ತು ಏಟುಗಳನ್ನ ಮಾತ್ರ ಇಟ್ಕೊಳ್ಳೋಣ, ಜನ ನಗ್ತಾರೆ. ನಾನು ಇದಕ್ಕೆ ಒಪ್ಪಲ್ಲ. ಮೀಟಿಂಗ್‌ನಲ್ಲಿ ಹೇಳೋಕೆ ಟೈಮ್ ಸಿಗಲಿಲ್ಲ, ಲ್ಯಾಬ್ ಬೆಲ್ ಆಯ್ತು. ಅದಕ್ಕೇ ಇಲ್ಲಿ ಬರೀತಿದೀನಿ.

ಓದದೇ ಇರೋರಿಗೆ ಕಥೆ ಇಷ್ಟು. ಸಿರಾಕ್ಯೂಸ್ ಅನ್ನೋ ಊರಿನ ವ್ಯಾಪಾರಿ ಈಜಿಯನ್. ಪರಊರಿನ ಛತ್ರದಲ್ಲಿ ಅವನ ಹೆಂಡತಿಗೆ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಅದೇ ಹೊತ್ತಿಗೆ ಅದೇ ಛತ್ರದಲ್ಲಿ ಒಬ್ಬ ಕಡುಬಡವಿಗೂ ಅವಳಿ ಗಂಡು. ಈಜಿಯನ್ ಆ ಬಡವರ ಮಕ್ಕಳನ್ನ ದುಡ್ಡು ಕೊಟ್ಟು ಕೊಂಡ್ಕೋತಾನೆ, ತನ್ನ ಮಕ್ಕಳಿಗೆ ಆಳಾಗಿರಲಿ ಅಂತ. ವಾಪಸ್ ಬರೋವಾಗ ಹಡಗು ಒಡೆದು ಸಂಸಾರ ಎರಡು ಪಾಲಾಗುತ್ತೆ. ಅಪ್ಪನ ಜೊತೆ ಒಬ್ಬ ಮಗ ಒಬ್ಬ ಆಳು, ಅಮ್ಮನ ಜೊತೆ ಇನ್ನೊಬ್ಬ ಮಗ ಇನ್ನೊಬ್ಬ ಆಳು. ವರ್ಷಗಳಾದ ಮೇಲೆ ಸಿರಾಕ್ಯೂಸ್‌ನ ಮಗ ತನ್ನ ಆಳಿನ ಜೊತೆ ಅಣ್ಣತಮ್ಮನನ್ನ ಹುಡುಕಿ ಹೊರಡ್ತಾನೆ, ಅವನನ್ನ ಹುಡುಕಿ ಅಪ್ಪ ಹೊರಡ್ತಾನೆ, ಎಲ್ಲರೂ ಒಂದೇ ದಿನ ಎಫೆಸಸ್ ಅನ್ನೋ ಊರಿಗೆ ಬಂದು ಸೇರ್ತಾರೆ. ಕಳೆದುಹೋದ ಇನ್ನೊಂದು ಜೋಡಿ ಇರೋದು ಅಲ್ಲೇ. ಯಜಮಾನರಿಬ್ಬರ ಹೆಸರೂ ಆಂಟಿಫೋಲಸ್, ಆಳುಗಳಿಬ್ಬರ ಹೆಸರೂ ಡ್ರೋಮಿಯೋ. ಆಮೇಲೆ ಊರಿನವರೆಲ್ಲ ಇವನನ್ನ ಅವನು, ಅವನನ್ನ ಇವನು ಅಂದ್ಕೊಂಡು ಒಬ್ಬನಿಗೆ ಊಟ ಬಡಿಸ್ತಾರೆ, ಇನ್ನೊಬ್ಬನ ಮುಖಕ್ಕೆ ಬಾಗಿಲು ಹಾಕ್ತಾರೆ, ಒಬ್ಬನಿಗೆ ಚಿನ್ನದ ಸರ ಕೊಟ್ಟು ಇನ್ನೊಬ್ಬನ ಹತ್ತಿರ ದುಡ್ಡು ಕೇಳ್ತಾರೆ.

ಸರಿ, ಈಗ ಲಾಜಿಕ್ ವಿಷಯಕ್ಕೆ ಬರೋಣ. ನಮ್ಮ ಬ್ರಾಂಚಿನವರ ದೊಡ್ಡ ತಕರಾರು ಇದೇ. ಅಣ್ಣತಮ್ಮನನ್ನ ಹುಡುಕೋಕೇ ಊರು ಬಿಟ್ಟು ಬಂದವನಿಗೆ, ಬಂದ ಊರಲ್ಲಿ ಎಲ್ಲರೂ ಹೆಸರು ಹಿಡಿದು ಕರೀತಿದ್ರೂ ‘ಓ, ನನ್ನ ಅವಳಿ ಇಲ್ಲೇ ಇದಾನೆ’ ಅಂತ ಯಾಕೆ ಹೊಳೆಯಲ್ಲ? ನ್ಯಾಯವಾದ ಪ್ರಶ್ನೆ. ನಾನು ಇನ್ನೂ ಒಂದು ಸೇರಿಸ್ತೀನಿ. ಈಜಿಯನ್ ಹೇಳೋ ಲೆಕ್ಕ ನೋಡಿ: ಮಗನಿಗೆ ಹದಿನೆಂಟಾದಾಗ ಹುಡುಕೋ ಆಸೆ ಹುಟ್ಟಿತು, ಬಿಟ್ಟು ಹೋಗಿ ಏಳು ವರ್ಷ ಆಯ್ತು. ಒಟ್ಟು 25. ಕೊನೇ ಸೀನ್‌ನಲ್ಲಿ ಅಮ್ಮ ಎಮಿಲಿಯಾ ಬಂದು 33 ವರ್ಷ ಅಂತಾಳೆ. ಎಂಟು ವರ್ಷ ಎಲ್ಲಿ ಹೋಯ್ತೋ ಶೇಕ್ಸ್‌ಪಿಯರನಿಗೇ ಗೊತ್ತು. ಇಂಟರ್ನಲ್ಸ್‌ನಲ್ಲಿ ಹೀಗೆ ಬರೆದಿದ್ರೆ ಸ್ಟೆಪ್ ಮಾರ್ಕ್ಸೂ ಸಿಗ್ತಿರಲಿಲ್ಲ.

ಈ ತಕರಾರು ಹೊಸದೇನಲ್ಲ. ಇನ್ನೂರು ವರ್ಷದ ಹಿಂದೆ ಕೋಲ್‌ರಿಜ್ ಇದಕ್ಕೆ ಒಂದು ಉತ್ತರ ಕೊಟ್ಟಿದ್ದ: ಇದು ಪ್ರಹಸನ, ಪ್ರಹಸನದ ಕಥೆ ನಂಬೋ ಹಾಗಿರಬೇಕಿಲ್ಲ, ಸಾಧ್ಯ ಅನ್ನೋ ಹಾಗಿದ್ರೆ ಸಾಕು ಅನ್ನೋ ಅರ್ಥದಲ್ಲಿ. ಒಂದು ಜೋಡಿ ಅವಳಿಯನ್ನೇ ಕಾಮಿಡಿ ಕಷ್ಟಪಟ್ಟು ತಡ್ಕೊಳ್ಳುತ್ತೆ, ಪ್ರಹಸನಕ್ಕೆ ಎರಡನೇ ಜೋಡಿ ತರೋ ಧೈರ್ಯ ಇದೆ ಅಂತಲೂ ಅಂದ. ಆ ಎರಡನೇ ಜೋಡಿ ಶೇಕ್ಸ್‌ಪಿಯರನದೇ ಸೇರ್ಪಡೆ. ಅವನು ಕಥೆ ಎತ್ಕೊಂಡಿದ್ದು ರೋಮಿನ ಪ್ಲಾಟಸ್ ಬರೆದ ‘ಮೆನೆಕ್ಮಿ’ ಅನ್ನೋ ನಾಟಕದಿಂದ, ಅದರಲ್ಲಿ ಒಂದೇ ಜೋಡಿ ಅವಳಿ. ಒಂದು ಜೋಡಿ ಇದ್ರೆ ಸ್ಟೇಟ್ ಎರಡೇ. ಆಳುಗಳೂ ಅವಳಿ ಆದ ತಕ್ಷಣ ನಾಲ್ಕು ಕಾಂಬಿನೇಷನ್: ಎರಡು ಸರಿ, ಎರಡು ತಪ್ಪು. ನಾಟಕ ಪೂರ್ತಿ ಈ ಟ್ರೂತ್ ಟೇಬಲ್ ಮೇಲೆ ಓಡುತ್ತೆ. ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್‌ನವರಿಗೆ ಮಾಸ್ಟರ್-ಸ್ಲೇವ್ ಫ್ಲಿಪ್-ಫ್ಲಾಪ್ ಗೊತ್ತಿರುತ್ತೆ. ಅಲ್ಲಿ ಸ್ಲೇವ್ ತನ್ನ ಮಾಸ್ಟರ್ ಹೇಳಿದ್ದನ್ನೇ ಔಟ್‌ಪುಟ್‌ಗೆ ಕೊಡುತ್ತೆ. ಎಫೆಸಸ್‌ನಲ್ಲಿ ವೈರ್ ಅದಲುಬದಲು.

ಆದ್ರೆ ‘ಪ್ರಹಸನ ಸ್ವಾಮಿ, ಕೇಳಬೇಡಿ’ ಅಂತ ಬಾಯಿ ಮುಚ್ಚಿಸೋದು ನಂಗೆ ಇಷ್ಟ ಇಲ್ಲ. ನಾಟಕದ ಒಳಗೇ ಉತ್ತರ ಇದೆ. ಎಫೆಸಸ್ ಅಂದ್ರೆ ಮಾಟ-ಮಂತ್ರದ ಊರು ಅಂತ ಸಿರಾಕ್ಯೂಸ್‌ನವನು ಮೊದಲೇ ಕೇಳಿರ್ತಾನೆ. ಸಿರಾಕ್ಯೂಸ್‌ನವನು ಅಂತ ಗೊತ್ತಾದ್ರೆ ತಲೆ ಹೋಗೋ ಊರು ಬೇರೆ. ಅಂಥಾ ಜಾಗದಲ್ಲಿ ಯಾವಳೋ ಬಂದು ‘ರೀ, ಊಟಕ್ಕೆ ಬನ್ನಿ’ ಅಂದ್ರೆ ಮೊದಲು ಬರೋ ಯೋಚನೆ ‘ಅಣ್ಣ ಇಲ್ಲೇ ಇದಾನೆ’ ಅಂತಲ್ಲ, ‘ಇಲ್ಲಿಂದ ಓಡು’ ಅಂತ. ಹಾಸ್ಟೆಲ್‌ನ ಮೊದಲ ವಾರ ನೆನಪಿಸ್ಕೊಳ್ಳಿ. ಗೊತ್ತೇ ಇಲ್ಲದ ಸೀನಿಯರ್ ಕಾರಿಡಾರ್‌ನಲ್ಲಿ ಹೆಸರು ಹಿಡಿದು ಕರೆದಾಗ ನಿಮಗೆ ಯಾವ ಲಾಜಿಕ್ ಹೊಳೀತು?

ಇನ್ನು ಹೆಸರು. ಇಬ್ಬರು ಮಕ್ಕಳಿಗೂ ಒಂದೇ ಹೆಸರು ಇಡೋ ಅಪ್ಪ ಎಂಥವನು ಅಂತ ಎಲ್ಲರೂ ನಕ್ಕರು. ಹಾಗೇನೂ ಇಟ್ಟಿರಲಿಲ್ಲ. ಈಜಿಯನ್ನನ ಮೊದಲ ಮಾತುಗಳಲ್ಲೇ ಒಂದು ಸಣ್ಣ ಸುಳಿವಿದೆ. ಮಕ್ಕಳನ್ನ ಹೆಸರಿಂದ ಮಾತ್ರ ಗುರುತು ಹಿಡೀಬಹುದಿತ್ತು ಅಂತಾನೆ, ಅಂದ್ರೆ ಮೊದಲು ಹೆಸರು ಬೇರೆ ಬೇರೆ ಇತ್ತು. ಆಮೇಲೆ, ಉಳಿದ ಆಳು ಹುಡುಗ ಕಳೆದುಹೋದ ಅಣ್ಣತಮ್ಮನ ಹೆಸರನ್ನ ಉಳಿಸ್ಕೊಂಡ ಅಂತಾನೆ. ಮಗನ ಸ್ಥಿತಿಯೂ ಹಾಗೇ. ಸತ್ತ ಅಂದ್ಕೊಂಡವನ ಹೆಸರನ್ನ ಬದುಕಿದವನು ಹೊತ್ಕೊಂಡಿದಾನೆ. ನಮ್ಮ ಕಡೆ ಇದೇನು ವಿಚಿತ್ರ? ತೀರಿಕೊಂಡ ತಾತನ ಹೆಸರು ಮೊಮ್ಮಗನಿಗೆ, ದೊಡ್ಡಪ್ಪನ ಮಗನಿಗೂ ಅದೇ, ಚಿಕ್ಕಪ್ಪನ ಮಗನಿಗೂ ಅದೇ. ಮನೆದೇವರ ಹೆಸರಾದ್ರಂತೂ ಒಂದು ಬೀದಿಗೆ ನಾಲ್ಕು ಜನ. ಮುದುಕನ ಸೀನ್ ಕಟ್ ಮಾಡೋಣ ಅಂತಿರೋರು ಗಮನಿಸಬೇಕು: ‘ಲಾಜಿಕ್ ಇಲ್ಲ’ ಅನ್ನೋ ಪ್ರಶ್ನೆಗೆ ಉತ್ತರ ಇರೋದೇ ಆ ಸೀನ್‌ನಲ್ಲಿ.

ಅಟೆಂಡೆನ್ಸ್‌ನಲ್ಲಿ ಒಂದೇ ಹೆಸರಿನ ಇಬ್ಬರನ್ನ ಬೇರೆ ಮಾಡೋಕೆ ನಮಗೆ ಯುಎಸ್‌ಎನ್ ಇದೆ. ಎಫೆಸಸ್‌ನಲ್ಲಿ ಅದಿರಲಿಲ್ಲ. ಯುಎಸ್‌ಎನ್ ಇದ್ದೂ ಕೊನೇ ಬೆಂಚಿಂದ ಎಷ್ಟು ಪ್ರಾಕ್ಸಿ ನಡೆಯುತ್ತೆ ಅನ್ನೋದು ಬೇರೆ ಮಾತು.

ಎರಡನೇ ತಕರಾರು ಗೊಂದಲದ್ದು. ಓದುವಾಗ ಯಾವ ಡ್ರೋಮಿಯೋ ಅಂತ ಪದೇ ಪದೇ ಹಿಂದಿನ ಪುಟಕ್ಕೆ ಹೋಗಬೇಕಾಯ್ತು. ನಿಜ. ಹ್ಯಾಜ್‌ಲಿಟ್ ಅನ್ನೋ ವಿಮರ್ಶಕ 1817ರಲ್ಲೇ ಇದೇ ಗೊಣಗಾಟ ಮಾಡಿದ್ದ. ಹೆಸರೂ ಒಂದೇ, ಎಲ್ಲರೂ ಗುರುತು ತಪ್ಪೋದೂ ಒಂದೇ ಥರ, ಓದುಗ ತಲೆ ಕೆಡಿಸ್ಕೋಬೇಕು ಅಂತ. ಆಡಿದ್ರೂ ಕಷ್ಟವೇ ಅಂದ. ಇಬ್ಬರು ಪೂರ್ತಿ ಒಂದೇ ಥರ ಕಂಡ್ರೆ ನೋಡೋರಿಗೂ ಗೊಂದಲ, ಬೇರೆ ಥರ ಕಂಡ್ರೆ ಕಥೆಯೇ ಬಿದ್ದುಹೋಗುತ್ತೆ. ನಮ್ಮ ಮೀಟಿಂಗ್‌ನಲ್ಲೂ ಒಬ್ಬರು ಇದನ್ನೇ ಕೇಳಿದ್ರು: ಕಾಲೇಜಲ್ಲಿ ಅವಳಿಗಳು ಎಲ್ಲಿ ಸಿಗ್ತಾರೆ, ಅದೂ ಎರಡು ಜೋಡಿ?

ಹ್ಯಾಜ್‌ಲಿಟ್ ದೊಡ್ಡವನು, ಒಪ್ಪೋಣ. ಆದ್ರೆ ಅವನು ಮಂಡ್ಯ ಜಿಲ್ಲೆಯ ನಾಟಕ ನೋಡಿರಲಿಲ್ಲ.

ನಮ್ಮೂರು ಬಸರಾಳು. ಗೊತ್ತಿರೋರಿಗೆ 1234ರಲ್ಲಿ ಕಟ್ಟಿದ ಹೊಯ್ಸಳರ ಮಲ್ಲಿಕಾರ್ಜುನ ದೇವಸ್ಥಾನದಿಂದ ಗೊತ್ತಿರುತ್ತೆ, ಕಾರು ನಿಲ್ಲಿಸಿ ಫೋಟೋ ತೆಗೆದು ಹೋಗ್ತಾರೆ. ನಮ್ಮ ಕಡೆ ಹಬ್ಬ-ಜಾತ್ರೆ ಅಂದ್ರೆ ರಾತ್ರಿ ಪೂರ್ತಿ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ ಕಲಿಸ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ಪಾತ್ರ ಬೇಕು ಅಂದ್ರೆ ಪಾತ್ರಧಾರಿಯೇ ದುಡ್ಡು ಹಾಕಬೇಕು. ಕೃಷ್ಣ ಆಗಬೇಕು ಅನ್ನೋರು ಮೂರು ಜನ ಇದ್ರೆ ಏನು ಮಾಡೋದು? ಮೂವರನ್ನೂ ಮಾಡ್ತಾರೆ. ನಾಟಕದ ಕರಪತ್ರದಲ್ಲೇ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಇರುತ್ತೆ. ಹನ್ನೊಂದು ಗಂಟೆಗೆ ಸಣಕಲು ಕೃಷ್ಣ, ಎರಡು ಗಂಟೆಗೆ ಹೊಟ್ಟೆ ಬಂದಿರೋ ಕೃಷ್ಣ. ಮುಂದೆ ಚಾಪೆ ಹಾಕ್ಕೊಂಡು ಕೂತಿರೋ ಒಬ್ಬ ಅಜ್ಜನೂ ‘ಇವನ್ಯಾರು ಹೊಸಬ’ ಅಂತ ಕೇಳಲ್ಲ. ಕಿರೀಟ ಇದೆ, ಗರಿ ಇದೆ, ಕೊಳಲಿದೆ, ಇವನು ಕೃಷ್ಣ. ಮುಖ ಯಾವನದಾದ್ರೆ ಏನು?

ಅಲ್ಲಿ ಎರಡು ಮುಖ, ಒಬ್ಬನೇ ಮನುಷ್ಯ. ಇಲ್ಲಿ ಒಂದು ಮುಖ, ಇಬ್ಬರು ಮನುಷ್ಯರು. ಎರಡನ್ನೂ ನಡೆಸೋದು ಒಂದೇ ಒಪ್ಪಂದ: ವೇಷ ಏನು ಹೇಳುತ್ತೋ ಅದನ್ನ ನೋಡೋರು ಒಪ್ಪಬೇಕು. ಹಾಗಾಗಿ ಅವಳಿಗಳನ್ನ ಹುಡುಕೋದು ಬೇಡ. ಒಬ್ಬ ಆರಡಿ, ಇನ್ನೊಬ್ಬ ಐದಡಿ ಇರಲಿ, ಇನ್ನೂ ಚೆನ್ನ. ಇಬ್ಬರಿಗೂ ಒಂದೇ ಬಣ್ಣದ ಶರ್ಟು, ಒಂದೇ ಟವಲು. ಊರಿನವರಿಗೆ ಇವರು ಒಂದೇ, ನಮಗೆ ಬೇರೆ. ಹ್ಯಾಜ್‌ಲಿಟ್‌ಗೆ ಕಷ್ಟ ಅನ್ಸಿದ್ದು ಅಲ್ಲಿಗೆ ಮುಗೀತು. ಪಾತ್ರಗಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಅನ್ನೋದರಲ್ಲೇ ಈ ನಾಟಕದ ಮಜಾ ಇರೋದು. ಓದುವಾಗ ನಮಗೂ ಗೊತ್ತಾಗಲ್ಲ, ಅದಕ್ಕೇ ಬೋರ್ ಆಗುತ್ತೆ.

ಓದೋರ ಕೈಗೆ ಸಿಕ್ಕಿ ಈ ನಾಟಕ ಕಷ್ಟಪಟ್ಟಿರೋದು ಇಂಗ್ಲಿಷಲ್ಲಿ ಮಾತ್ರ ಅಲ್ಲ. ಕನ್ನಡಕ್ಕೆ ಇದು ಬಂದಿದ್ದೇ ಓದೋ ಕಥೆಯಾಗಿ. ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ತಂದ ರೂಪದ ಹೆಸರು ‘ನಗದವರನ್ನು ನಗಿಸುವ ಕಥೆ’. ಎಂಥಾ ಹೆಸರು ನೋಡಿ, ಇವತ್ತಿನ ಯಾವ ಪೋಸ್ಟರ್‌ಗೂ ಹಾಕಬಹುದು. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಇದನ್ನೇ ‘ಭ್ರಾಂತಿವಿಲಾಸ’ ಅಂತ ಗದ್ಯಕಥೆ ಮಾಡಿದ್ರು. ಬಂಕಿಮಚಂದ್ರರ ಕಾದಂಬರಿಗಳನ್ನ ಕನ್ನಡದವರ ಮನೆಮನೆಗೆ ತಂದ ಬಿ. ವೆಂಕಟಾಚಾರ್ಯರು ಅದನ್ನೂ ಕನ್ನಡಕ್ಕೆ ತಂದ್ರು. ವಿದ್ಯಾಸಾಗರರ ಕಥೆಯಲ್ಲಿ ಯಜಮಾನರಿಬ್ಬರೂ ಚಿರಂಜೀವ, ಆಳುಗಳಿಬ್ಬರೂ ಕಿಂಕರ. ಚಿರಂಜೀವ ಅನ್ನೋದು ಹೆಸರು. ಕಿಂಕರ ಅಂದ್ರೆ ಸುಮ್ಮನೆ ‘ಸೇವಕ’. ಒಬ್ಬನಿಗೆ ಆಯುಷ್ಯದ ಹಾರೈಕೆ, ಇನ್ನೊಬ್ಬನಿಗೆ ಕೆಲಸದ ಹೆಸರು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಆಮೇಲೆ ಸಿನಿಮಾಗಳು ಬಂದವು. ಗುಲ್ಜಾರ್ ಅವರ ‘ಅಂಗೂರ್’ 1982ರದ್ದು, ಕನ್ನಡದಲ್ಲಿ ಎನ್.ಎಸ್. ಶಂಕರ್ ನಿರ್ದೇಶನದ, ರಮೇಶ್ ಅರವಿಂದ್ ಇರೋ ‘ಉಲ್ಟಾ ಪಲ್ಟಾ’ 1997ರದ್ದು. ಎರಡೂ ನೋಡಿ, ನಗು ಗ್ಯಾರಂಟಿ. ಕ್ಯಾಮೆರಾ ಇದ್ರೆ ಹ್ಯಾಜ್‌ಲಿಟ್ ಪ್ರಾಬ್ಲಮ್ಮೇ ಇಲ್ಲ, ಒಬ್ಬನೇ ನಟ ಎರಡು ಸಲ ಬರ್ತಾನೆ.

ಈ ನಾಟಕದ ಬಗ್ಗೆ ನಮಗೆ ಸಿಗೋ ಅತ್ಯಂತ ಹಳೇ ಪ್ರತಿಕ್ರಿಯೆ ಯಾರದ್ದು ಗೊತ್ತಾ? ಸ್ಟೂಡೆಂಟ್ಸ್‌ದು. ಲಂಡನ್ನಿನ ಗ್ರೇಸ್ ಇನ್ ಅನ್ನೋ ಕಾನೂನು ವಿದ್ಯಾಲಯದಲ್ಲಿ 1594ರ ಡಿಸೆಂಬರ್ 28ರ ರಾತ್ರಿ, ಕ್ರಿಸ್‌ಮಸ್ ಫೆಸ್ಟ್‌ನಲ್ಲಿ ಇದನ್ನ ಆಡಿದ್ರು. ಪಕ್ಕದ ಇನ್ನರ್ ಟೆಂಪಲ್‌ನವರು ಅತಿಥಿಗಳು. ಜನ ಸ್ಟೇಜ್ ಮೇಲೇ ನುಗ್ಗಿ, ಜಾಗ ಸಾಲದೆ, ಅತಿಥಿಗಳು ಸಿಟ್ಟು ಮಾಡ್ಕೊಂಡು ಎದ್ದು ಹೋದ್ರು. ಆಮೇಲೆ ಕುಣಿತ, ಕೊನೆಗೆ ಈ ನಾಟಕ. ಆ ರಾತ್ರಿಗೆ ಹುಡುಗರು ‘ತಪ್ಪುಗಳ ರಾತ್ರಿ’ ಅಂತಲೇ ಹೆಸರಿಟ್ರು. ಅಷ್ಟಕ್ಕೇ ಬಿಡದೆ, ಈ ಗಲಾಟೆಗೆಲ್ಲ ಒಬ್ಬ ಮಾಟಗಾರ ಕಾರಣ ಅಂತ ತಮಾಷೆಗೆ ಒಂದು ವಿಚಾರಣೆಯನ್ನೂ ನಡೆಸಿದ್ರು. ನಮ್ಮ ಫೆಸ್ಟ್‌ನಲ್ಲಿ ಮೈಕ್ ಕೆಟ್ಟಾಗ ಕೋಆರ್ಡಿನೇಟರ್‌ನ ಹಿಡ್ಕೊಂಡ ಹಾಗೆ. ನಾಟಕದೊಳಗೂ ಎಫೆಸಸ್‌ನವರು ಮಾಡೋದು ಇದೇ ಅಲ್ವಾ? ಏನಾಗ್ತಿದೆ ಅಂತ ಗೊತ್ತಾಗದೆ ಹೋದಾಗ ‘ಇವನಿಗೆ ದೆವ್ವ ಹಿಡಿದಿದೆ’ ಅಂತ ಮನೆ ಯಜಮಾನನನ್ನೇ ಕಟ್ಟಿಹಾಕಿ ಕತ್ತಲೆ ಕೋಣೆಗೆ ತಳ್ತಾರೆ.

ಮೂರನೇ ಪ್ರತಿಕ್ರಿಯೆ, ಆಳುಗಳಿಗೆ ಹೊಡೆಯೋದೇ ಕಾಮಿಡಿನಾ ಅನ್ನೋದು. ಇದನ್ನ ಕೇಳಿದವರು ಒಬ್ಬರೇ, ಉಳಿದವರು ‘ಸ್ಲಾಪ್‌ಸ್ಟಿಕ್ ಅಷ್ಟೇ’ ಅಂತ ಮುಂದೆ ಹೋದ್ರು. ನಂಗೆ ಈ ಪ್ರಶ್ನೆ ಬಿಡ್ತಾ ಇಲ್ಲ.

ಮೊದಲನೇ ಏಟು ಹೇಗೆ ಬೀಳುತ್ತೆ ನೋಡಿ. ಸಿರಾಕ್ಯೂಸ್‌ನ ಯಜಮಾನ ತನ್ನ ಡ್ರೋಮಿಯೋ ಕೈಗೆ ಸಾವಿರ ಮಾರ್ಕ್ ಕೊಟ್ಟು ‘ಛತ್ರದಲ್ಲಿಡು’ ಅಂತ ಕಳಿಸ್ತಾನೆ. ಎರಡು ನಿಮಿಷಕ್ಕೆ ಎಫೆಸಸ್‌ನ ಡ್ರೋಮಿಯೋ ಬಂದು ‘ಊಟ ಆರಿಹೋಗ್ತಿದೆ, ಅಮ್ಮಾವ್ರು ಕರೀತಿದಾರೆ’ ಅಂತಾನೆ. ‘ದುಡ್ಡೆಲ್ಲಿ?’ ‘ಯಾವ ದುಡ್ಡು?’ ಏಟು. ಅವನು ತನ್ನ ಯಜಮಾನನಲ್ಲದವನಿಂದ, ತಾನು ಇಸ್ಕೊಳ್ಳದ ದುಡ್ಡಿಗೆ, ತಾನು ಸರಿಯಾಗಿ ಮಾಡ್ತಿರೋ ಕೆಲಸಕ್ಕೆ ಹೊಡೆಸ್ಕೋತಾನೆ.

ಈಗ ಮುದುಕನ ಸೀನ್‌ಗೆ ವಾಪಸ್ ಹೋಗಿ. ಎಫೆಸಸ್‌ನ ಕಾನೂನು: ಸಿರಾಕ್ಯೂಸ್‌ನವನು ಸಿಕ್ಕಿಬಿದ್ರೆ ಮರಣದಂಡನೆ, ತಪ್ಪಿಸ್ಕೋಬೇಕು ಅಂದ್ರೆ ದಂಡ ಕಟ್ಟಬೇಕು. ಎಷ್ಟು? ಸಾವಿರ ಮಾರ್ಕ್. ಡ್ಯೂಕ್ ಕರುಣೆ ತೋರಿಸಿ ಸಂಜೆವರೆಗೆ ಟೈಮ್ ಕೊಡ್ತಾನೆ, ಊರಲ್ಲಿ ಬೇಡಿ ತಂದು ಕಟ್ಟು ಅಂತ. ಅಪ್ಪನ ಜೀವಕ್ಕೆ ಬೇಕಾದ ಅದೇ ಸಾವಿರ ಮಾರ್ಕ್ ಅದೇ ಊರಲ್ಲಿ ಮಗನ ಹತ್ತಿರ ಇದೆ. ಮಗ ಅದೇ ದುಡ್ಡಿಗಾಗಿ ಬೀದಿಯಲ್ಲಿ ಆಳಿಗೆ ಬಾರಿಸ್ತಿದಾನೆ. ಅಷ್ಟೇ ಅಲ್ಲ, ‘ಇವತ್ತು ನಿಮ್ಮೂರಿನ ವ್ಯಾಪಾರಿಯೊಬ್ಬ ಸಾಯ್ತಿದಾನೆ, ಹುಷಾರು’ ಅಂತ ಅವನಿಗೆ ಒಬ್ಬ ಹೇಳಿಯೂ ಇರ್ತಾನೆ. ಯಾರು ಅಂತ ಇವನು ಕೇಳಲ್ಲ.

ಈ ಎರಡು ಸೀನ್ ಅಕ್ಕಪಕ್ಕ ಇಟ್ರೆ ಏಟಿನ ಸದ್ದೇ ಬೇರೆ ಕೇಳುತ್ತೆ. ಮುದುಕನನ್ನ ತೆಗೆದ್ರೆ ಉಳಿಯೋದು ಒಬ್ಬ ಇನ್ನೊಬ್ಬನ ಕೆನ್ನೆಗೆ ಹೊಡೆಯೋದು, ಹಿಂದೆ ಕೀಬೋರ್ಡ್‌ನವನು ‘ಟಪ್’ ಅನ್ಸೋದು. ನನ್ನ ವಾದ ಇಷ್ಟೇ: ಏಟು ಇಟ್ಕೊಳ್ಳೋದಾದ್ರೆ ಮುದುಕನನ್ನೂ ಇಟ್ಕೊಳ್ಳಿ. ಮುದುಕ ಬೇಡ ಅನ್ನೋದಾದ್ರೆ ಏಟೂ ಬೇಡ.

ಟೆಕ್ನಿಕಲ್ ಕಾರಣವೂ ಇದೆ. ಇದು ಶೇಕ್ಸ್‌ಪಿಯರನ ಅತಿ ಚಿಕ್ಕ ನಾಟಕ, ಸುಮಾರು 1,800 ಸಾಲು. ಎಲ್ಲ ಒಂದೇ ದಿನದಲ್ಲಿ ನಡೆಯುತ್ತೆ. ಹೀಗೆ ಒಂದೇ ದಿನಕ್ಕೆ ಕಟ್ಟಿಹಾಕಿ ಅವನು ಬರೆದ ಇನ್ನೊಂದು ಅಂದ್ರೆ ‘ಟೆಂಪೆಸ್ಟ್’, ನಮ್ಮ ಜಿಲ್ಲೆಯ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಕನ್ನಡದಲ್ಲಿ ‘ಚಂಡಮಾರುತ’ ಮಾಡಿದ್ದು. ಸಂಜೆ ಐದು ಗಂಟೆ ಅನ್ನೋ ಗಡಿಯಾರ ತಲೆ ಮೇಲೆ ತೂಗ್ತಿರೋದ್ರಿಂದಲೇ ಇಲ್ಲಿ ಎಲ್ಲರೂ ಓಡ್ತಿದಾರೆ. ಸಬ್ಮಿಷನ್ ಡೇಟ್ ಇಲ್ಲದ ಪ್ರಾಜೆಕ್ಟ್ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಏಟಿನ ವಿಷಯ ಇನ್ನೂ ಮುಗಿದಿಲ್ಲ. ಮಧ್ಯದಲ್ಲಿ ಎಫೆಸಸ್‌ನ ಯಜಮಾನ ತನ್ನ ಡ್ರೋಮಿಯೋಗೆ ಹಗ್ಗ ತಾ ಅಂತ ಕಳಿಸ್ತಾನೆ, ಹೆಂಡತಿ ಮನೆಯವರಿಗೆ ಬುದ್ಧಿ ಕಲಿಸೋಕೆ. ಅಷ್ಟರಲ್ಲಿ ಸರದ ಸಾಲಕ್ಕೆ ಅವನನ್ನ ಹಿಡೀತಾರೆ. ಬಿಡುಗಡೆ ದುಡ್ಡು ತಾ ಅಂತ ಇನ್ನೊಬ್ಬ ಡ್ರೋಮಿಯೋನ ಓಡಿಸ್ತಾನೆ. ವಾಪಸ್ ಬರೋದು ಹಗ್ಗದವನು. ಹೇಳಿದ ಕೆಲಸ ಚಾಚೂ ತಪ್ಪದೆ ಮಾಡ್ಕೊಂಡು ಬಂದವನಿಗೆ ಅದೇ ಹಗ್ಗದಿಂದ ಬೀಳುತ್ತೆ. ಆಗ ಅವನು ಹೇಳೋ ಮಾತಿದೆ: ಹುಟ್ಟಿದ ಗಳಿಗೆಯಿಂದ ಇವನ ಸೇವೆ ಮಾಡ್ತಿದೀನಿ, ಸಂಬಳ ಅಂತ ಸಿಕ್ಕಿದ್ದು ಏಟು ಮಾತ್ರ, ಚಳಿಯಾದ್ರೆ ಹೊಡೆದು ಬೆಚ್ಚಗೆ ಮಾಡ್ತಾನೆ, ಸೆಕೆಯಾದ್ರೆ ಹೊಡೆದು ತಣ್ಣಗೆ ಮಾಡ್ತಾನೆ ಅನ್ನೋ ಧಾಟಿಯಲ್ಲಿ. ನಗು ಬರುತ್ತೆ, ಬರಲೇಬೇಕು, ಅಷ್ಟು ಚೆನ್ನಾಗಿ ಹೇಳ್ತಾನೆ. ಆದ್ರೆ ಹೊಡೆಸ್ಕೊಂಡವನೇ ಜೋಕ್ ಹೇಳ್ತಿದಾನೆ ಅನ್ನೋದು ಸ್ಕಿಟ್ ಮಾಡೋರ ಕಿವಿಗೆ ಬೀಳಬೇಕು. ‘ಸ್ಲಾಪ್‌ಸ್ಟಿಕ್ ಅಷ್ಟೇ’ ಅನ್ನೋರೂ, ‘ಕ್ರೂರ ನಾಟಕ, ಬೇಡ’ ಅನ್ನೋರೂ ಇಬ್ಬರೂ ಈ ಮಾತನ್ನ ಅವಸರದಲ್ಲಿ ದಾಟಿದಾರೆ ಅಂತ ನನ್ನ ಅನುಮಾನ.

ಊರಿಗೆ ಹೋಗಿದ್ದಾಗ ಅಜ್ಜಿಗೆ ಈ ಕಥೆ ಹೇಳಿದೆ. ಅವರು ಅವರೆಕಾಯಿ ಬಿಡಿಸ್ತಾ ಕೇಳಿದ್ರು. ಬಾಗಿಲು ಹಾಕೋ ಸೀನ್‌ಗೆ ಚೆನ್ನಾಗಿ ನಕ್ಕರು, ಲಾಜಿಕ್ ಬಗ್ಗೆ ಒಂದು ಪ್ರಶ್ನೆ ಇಲ್ಲ. ಕೊನೆಗೆ ಅಪ್ಪ, ಅಮ್ಮ, ಮಕ್ಕಳು ಎಲ್ಲ ಒಂದಾದ್ರು ಅಂತ ನಾನು ಮುಗಿಸಿದ ಮೇಲೆ ಕೇಳಿದ್ರು:

‘ಅಲ್ಲ ಕಣ್ ಮಗಾ, ಯಜಮಾನ್ರ ಮಕ್ಳಿಗೆ ಅಪ್ಪನೂ ಸಿಕ್ದ, ಅವ್ವನೂ ಸಿಕ್ಕುದ್ಲು. ಆ ಆಳ್ ಹೈಕ್ಳ ಹೆತ್ತವ್ಳು ಎಲ್ಲೋದ್ಲು?’

ನಾನು ಪಿಡಿಎಫ್ ತೆಗೆದು ಹುಡುಕಿದೆ. ಇಲ್ಲ. ಛತ್ರದಲ್ಲಿ ಹೆತ್ತು, ಬಡತನಕ್ಕೆ ಮಾರಿದವಳು ಮೊದಲ ಸೀನ್‌ನಲ್ಲಿ ಒಂದೆರಡು ಸಾಲಿಗೆ ಬಂದು ಹೋಗ್ತಾಳೆ. ಆಮೇಲೆ ಯಾರೂ ಅವಳನ್ನ ನೆನೆಯಲ್ಲ. ಡ್ರೋಮಿಯೋಗಳೂ ನೆನೆಯಲ್ಲ. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡೋ ಕಾನೂನು ಬಂದಿದ್ದು 1976ರಲ್ಲಿ. ಅಜ್ಜಿ ಅದಕ್ಕಿಂತ ತುಂಬಾ ಮೊದಲು ಹುಟ್ಟಿದವರು, ‘ಜೀತದಾಳು’ ಅನ್ನೋ ಪದ ಅವರಿಗೆ ಪುಸ್ತಕದಿಂದ ಬಂದಿದ್ದಲ್ಲ. ಮೂರು ಶನಿವಾರ ಹದಿನಾಲ್ಕು ಜನ ಓದಿ, ಪಾತ್ರಗಳ ಚಾರ್ಟ್ ಎಲ್ಲ ಬರೆದು ನಮಗೆ ಯಾರಿಗೂ ಹೊಳೆಯದ ಪ್ರಶ್ನೆ ಅದು. ಇಂಗ್ಲಿಷ್ ಮೀಡಿಯಂನಲ್ಲಿ ನಮಗೆ ಪಾಠ ಮಾಡಿದ ರೀತಿ ಹಾಗೆ: ಹೀರೋ ಯಾರು, ಥೀಮ್ ಏನು, ಕಾಮಿಕ್ ರಿಲೀಫ್ ಯಾರು. ಕಾಮಿಕ್ ರಿಲೀಫ್‌ಗೆ ಅವ್ವ ಇರ್ತಾಳೆ ಅಂತ ಯಾವ ನೋಟ್ಸ್‌ನಲ್ಲೂ ಇಲ್ಲ.

ಆಡ್ರಿಯಾನಾ ಬಗ್ಗೆಯೂ ಎರಡು ಮಾತು. ‘ಗೊಣಗೋ ಹೆಂಡತಿ’ ಅಂತ ನಮ್ಮ ಚಾರ್ಟ್‌ನಲ್ಲಿ ಬರೆದಿದ್ರು, ಹುಡುಗಿಯರು ಅಲ್ಲೇ ಹೊಡೆದುಹಾಕಿಸಿದ್ರು. ಗಂಡಸರಿಗೆ ಯಾಕೆ ನಮಗಿಂತ ಹೆಚ್ಚು ಸ್ವಾತಂತ್ರ್ಯ ಅಂತ ಅವಳು ತಂಗಿಯನ್ನ ಕೇಳೋ ಪ್ರಶ್ನೆಗೆ ನಾಟಕದಲ್ಲಿ ಯಾರೂ ಸರಿಯಾಗಿ ಉತ್ತರ ಕೊಡಲ್ಲ. ಆ ಸೀನ್ ಬೇಕು. ಅವರೇ ಕನ್ನಡಕ್ಕೆ ತರಲಿ, ಅವರು ನನಗಿಂತ ಚೆನ್ನಾಗಿ ಬರೀತಾರೆ.

ಹಾಗಾದ್ರೆ ಏನು ಕಟ್ ಮಾಡೋದು? ಕಟ್ ಮಾಡೋಕೆ ಬೇಕಾದಷ್ಟಿದೆ. ಬೋಳುತಲೆ ಮತ್ತು ಕಾಲದ ಮೇಲಿನ ಆ ಉದ್ದ ಜೋಕು ಇಂಗ್ಲಿಷಲ್ಲೇ ಅರ್ಥ ಆಗಲ್ಲ, ಹೋಗಲಿ. ಅಡುಗೆಯವಳ ಮೈಯನ್ನ ಭೂಪಟಕ್ಕೆ ಹೋಲಿಸೋ ಭಾಗ ಕ್ಲಾಸ್‌ನಲ್ಲಿ ಕೆಲವರಿಗೆ ಇಷ್ಟ ಆಯ್ತು, ನನ್ನ ಪ್ರಕಾರ ದಪ್ಪ ಹೆಂಗಸಿನ ಮೇಲಿನ ಹಳಸಲು ಜೋಕು, ಅದೂ ಹೋಗಲಿ. ಮಂತ್ರವಾದಿ ಪಿಂಚ್‌ನ ಐದು ನಿಮಿಷಕ್ಕೆ ಇಳಿಸಬಹುದು. ಒಟ್ಟು ನಲವತ್ತೈದು ನಿಮಿಷ ಆಗುತ್ತೆ, ಇಪ್ಪತ್ತೈದಲ್ಲ. ಗ್ರೂಪ್ ಡ್ಯಾನ್ಸ್ ಒಂದು ಕಮ್ಮಿ ಮಾಡಿ ಅಂತ ಕಲ್ಚರಲ್ ಕಮಿಟಿಗೆ ಕೇಳೋಣ. ಕೊಡ್ತಾರೋ ಇಲ್ವೋ, ಕೇಳೋದಕ್ಕೇನು.

ಭಾಷೆ ಮಂಡ್ಯದ್ದೇ ಇರಲಿ. ಪುಸ್ತಕದ ಕನ್ನಡದಲ್ಲಿ ಬೈದ್ರೆ ಯಾರಿಗೂ ತಾಗಲ್ಲ. ಆಳುಗಳಿಬ್ಬರಿಗೂ ಸಿದ್ದ ಅಂತ ಹೆಸರಿಡೋಣ ಅಂದೆ. ಒಬ್ಬರು ತಕ್ಷಣ ದೊಡ್ಡಸಿದ್ದ, ಚಿಕ್ಕಸಿದ್ದ ಅಂತ ಮಾಡಿ, ಜನಕ್ಕೆ ಗೊತ್ತಾಗುತ್ತೆ ಅಂದ್ರು. ಊರಲ್ಲಾದ್ರೆ ಒಂದೇ ದಿನದಲ್ಲಿ ಹಾಗೆ ಕರೆದೇ ಬಿಡ್ತಿದ್ರು, ಸರಿ. ಆದ್ರೆ ಇಲ್ಲಿ ಬೇಡ. ಯಾಕಂದ್ರೆ ನಾಟಕದ ಕಟ್ಟಕಡೇ ಮಾತು ಅದರ ಮೇಲೇ ನಿಂತಿದೆ. ಯಜಮಾನರೆಲ್ಲ ಒಳಗೆ ಹಬ್ಬದೂಟಕ್ಕೆ ಹೋದ ಮೇಲೆ ಸ್ಟೇಜ್ ಮೇಲೆ ಉಳಿಯೋದು ಡ್ರೋಮಿಯೋಗಳಿಬ್ಬರೇ. ಮೊದಲು ನೀನು ಹೋಗು, ನೀನು ದೊಡ್ಡವನು. ಯಾರು ದೊಡ್ಡವರು ಅಂತ ಹೇಗೆ ಗೊತ್ತು? ಕಡ್ಡಿ ಎತ್ತೋಣ್ವಾ? ಕೊನೆಗೆ ಯಾರೂ ಮುಂದೆ ಬೇಡ ಅಂತ ಕೈ ಕೈ ಹಿಡ್ಕೊಂಡು ಒಟ್ಟಿಗೇ ಒಳಗೆ ಹೋಗ್ತಾರೆ. ಮೊದಲೇ ದೊಡ್ಡಸಿದ್ದ ಚಿಕ್ಕಸಿದ್ದ ಅಂತ ಕೂಗಿಬಿಟ್ರೆ ಈ ಮಾತಿಗೆ ಜಾಗವೇ ಇಲ್ಲ. ನಮ್ಮ ಸ್ಕಿಟ್ ಪ್ಲಾನ್‌ನಲ್ಲಿ ಎಲ್ಲರೂ ಸೇರಿ ಕುಣಿಯೋ ಹಾಡಿನಿಂದ ಮುಗಿಸೋಣ ಅಂತ ಇತ್ತು. ಹಾಡು ಮೊದಲು ಮುಗಿಸಿ, ಎಲ್ಲರನ್ನೂ ಒಳಗೆ ಕಳಿಸಿ, ಇವರಿಬ್ಬರಿಗೆ ಕೊನೇ ಒಂದು ನಿಮಿಷ ಕೊಡಿ. ಆ ಹೆತ್ತವಳ ಬಗ್ಗೆ ಒಂದು ಸಾಲು ಸೇರಿಸ್ಬೇಕಾ ಬೇಡ್ವಾ ಅನ್ನೋದು ನಂಗೆ ಇನ್ನೂ ತೀರ್ಮಾನ ಆಗಿಲ್ಲ. ಸೇರಿಸಿದ್ರೆ ಶೇಕ್ಸ್‌ಪಿಯರ್ ಮೇಲೆ ಕೈ ಇಟ್ಟ ಹಾಗೆ, ಬಿಟ್ರೆ ಅಜ್ಜಿ ನಾಟಕ ನೋಡೋಕೆ ಬಂದಾಗ ನನ್ನನ್ನ ಕೇಳ್ತಾರೆ. ನಿಮಗೆ ಏನನ್ಸುತ್ತೆ ಹೇಳಿ.

ಸ್ಕ್ರಿಪ್ಟ್ ಮೀಟಿಂಗ್ ಬರೋ ಶನಿವಾರ, ಲ್ಯಾಬ್ ಬಿಟ್ಟ ಮೇಲೆ. ಈಜಿಯನ್ ಸೀನ್‌ನ ಕನ್ನಡ ಮಾಡ್ಕೊಂಡು ಬರ್ತೀನಿ, ಎರಡೂವರೆ ಪುಟಕ್ಕೆ ಇಳಿಸಿದೀನಿ, ಓದೋಕೆ ಆರು ನಿಮಿಷ ಸಾಕು. ಆ ಪಾತ್ರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಬಿಳಿ ಗಡ್ಡ ನಮ್ಮೂರ ಭೀಷ್ಮನದು ಇದೆ, ಕೇಳಿ ತರ್ತೀನಿ.